ಅಮ್ಮ ಗೀಸರ್ ಬಿಚ್ಚಿದ ಚಳಿಗಾಲ

ನಮ್ಮ ಕಡೆಯ ಹಳ್ಳಿಮನೆಗಳಿಗೆ ಗೀಸರ್ ಆಗಷ್ಟೇ ಕಾಲಿಡುತ್ತಿದ್ದ ಕಾಲ ಅದು. ಯಾರ ಮನೆಗಾದರೂ ಗೀಸರ್ ಬಂತೆಂದರೆ ನೆಂಟರು ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಬಚ್ಚಲುಮನೆಗೂ ಒಂದು ಸುತ್ತು ಹೋಗಿ ಬರುತ್ತಿದ್ದರು. ಗೋಡೆಗೆ ನೇತುಬಿದ್ದ ಬಿಳಿ ಡೋಲಿನಂಥ ಅದನ್ನು ಕತ್ತೆತ್ತಿ ನೋಡುವುದು, ನಲ್ಲಿ ತಿರುಗಿಸಿ ಬೆರಳು ಒಡ್ಡುವುದು, “ಅಯ್ಯಪ್ಪಾ, ಸುಡ್ತದೆ!” ಎಂದು ಕೈ ಹಿಂದಕ್ಕೆಳೆದುಕೊಳ್ಳುವುದು. ಹಾಗೆ ಮಾಡದೆ ಹೊರಟರೆ ಮನೆಯವರಿಗೆ ಬೇಜಾರು. ನಿಮ್ಮಲ್ಲಿಯೂ ಎಷ್ಟೋ ಜನ ಹಾಗೆ ಬೆರಳು ಸುಟ್ಟುಕೊಂಡಿದ್ದೀರಿ ಎಂದು ನನಗೆ ಗೊತ್ತು.

ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿ, ತಾಯಲೂರಿಗೆ ಹತ್ತಿರ. ಅಪ್ಪ ಊರಿನ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಿದ್ದರು. ಹೊಲದಲ್ಲಿ ರಾಗಿ, ಸಾಲಿನ ನಡುವೆ ಅವರೆ, ಬಾವಿಯ ಪಕ್ಕ ಒಂದಿಷ್ಟು ಹಿಪ್ಪುನೇರಳೆ. ಬಚ್ಚಲಿಗೆ ಟೈಲ್ಸ್ ಹಾಕಿಸಿದಾಗ ಅಪ್ಪ ಹಂಡೆಯೊಲೆಯನ್ನು ಒಡೆಸಿ ಅದೇ ಗೋಡೆಗೆ ಗೀಸರ್ ಹಾಕಿಸಿದ್ದರು. ಹಂಡೆ ಹಟ್ಟಿಗೆ ಹೋಗಿ ಹಸುಗಳಿಗೆ ನೀರು ಕುಡಿಸುವ ತೊಟ್ಟಿಯಾಯಿತು. ಅಪ್ಪನ ಅಮ್ಮ, ಅಂದರೆ ನಮ್ಮಜ್ಜಿ, ತಿಂಗಳುಗಟ್ಟಲೆ ಆ ಗೀಸರಿನ ಜೊತೆ ಮಾತು ಬಿಟ್ಟಿದ್ದಳು. ಅಜ್ಜಿಯ ತವರು ಆಂಧ್ರದ ಗಡಿಯಾಚೆ. ಸಮಾಧಾನವಾಗಿದ್ದಾಗ ಕನ್ನಡ, ಸಿಟ್ಟು ಬಂದಾಗ, ಖುಷಿಯಾದಾಗ ತೆಲುಗು. ಗೀಸರಿನ ಬಗ್ಗೆ ಅವಳು ಆಡಿದ್ದೆಲ್ಲ ತೆಲುಗಿನಲ್ಲೇ.

ಆದರೆ ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಕೊಡ ತೊಳೆದು ಬೋರಲು ಹಾಕಿದರೆ ಒಣಗುವಷ್ಟರಲ್ಲಿ ಮೈಮೇಲೆಲ್ಲ ವಿಭೂತಿ ಬಳಿದ ಹಾಗೆ ಬಿಳಿ ಗೆರೆ. ಆ ನೀರನ್ನೇ ಗೀಸರೂ ಕುಡಿಯುತ್ತಿತ್ತು.

ನಾನಾಗ ಐದನೇ ಕ್ಲಾಸಿನಲ್ಲಿದ್ದೆ. ಅವರೆಕಾಯಿಯ ಸುಗ್ಗಿ ಶುರುವಾಗಿ ಮನೆಯಲ್ಲೆಲ್ಲ ಸೊಗಡು. ಸಿಪ್ಪೆ ಸುಲಿದೂ ಸುಲಿದೂ ನನ್ನ ಬೆರಳ ತುದಿಗಳು ಕಪ್ಪಗಾಗಿದ್ದವು. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತಕಿದರೆ ಬೇಳೆ ಪುಳಕ್ಕನೆ ಹಾರಿ ಅಜ್ಜಿಯ ಮಡಿಲಿಗೆ ಬೀಳಬೇಕು, ಅದೇ ನಮ್ಮ ಆಟ. ಮದ್ರಾಸಿನ ಕಡೆ ಚಂಡಮಾರುತ ಎದ್ದು ನಮ್ಮೂರಿನಲ್ಲಿ ಸೂರ್ಯ ಮುಖ ತೋರಿಸದೆ ದಿನಗಳಾಗಿದ್ದವು. ದಿನವಿಡೀ ಜಿಟಿಜಿಟಿ ಮಳೆ. ಹಿತ್ತಲಿನ ಸೌದೆಯೆಲ್ಲ ನೆನೆದು ತೊಪ್ಪೆ. ಅಂಥ ಚಳಿಯಲ್ಲೇ ನಮ್ಮ ಸುಧತ್ತೆಗೆ ಕೋಲಾರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು.

ಸುಧತ್ತೆ ಅಪ್ಪನ ತಂಗಿ. ಮದುವೆಯಾಗುವವರೆಗೂ ನನ್ನ ಜೊತೆ ಕುಂಟೆಬಿಲ್ಲೆ ಆಡಿದವಳು, ನನಗೆ ಜಡೆ ಹಾಕಿದವಳು, ನನಗೆ ಹೊಡೆಯಲು ಬಂದ ಅಜ್ಜಿಯ ಕೈ ಹಿಡಿದವಳು. ಅವಳು ಮಗು ಎತ್ತಿಕೊಂಡು ಬಾಣಂತನಕ್ಕೆ ನಮ್ಮ ಮನೆಗೆ ಬರುತ್ತಾಳೆ ಎಂದರೆ ನನಗೆ ಹಬ್ಬ. ಹೆರಿಗೆ ಕಷ್ಟವಾಗಿತ್ತಂತೆ. ಅಪ್ಪ ಆಸ್ಪತ್ರೆಯಲ್ಲೇ ಉಳಿದಿದ್ದರು. “ನಾಳಿದ್ದು ಮಧ್ಯಾಹ್ನ ಕರ್ಕೊಂಡು ಬರ್ತೀನಿ, ಎಲ್ಲಾ ರೆಡಿ ಮಾಡ್ಕೊಳ್ಳಿ” ಎಂದು ಡೈರಿಗೆ ಫೋನು ಮಾಡಿ ಹೇಳಿಕಳಿಸಿದರು.

ಅಜ್ಜಿ ರೆಡಿ ಮಾಡುವುದೆಂದರೆ ಬೇವಿನ ಸೊಪ್ಪು, ಹರಳೆಣ್ಣೆ, ಸಾಂಬ್ರಾಣಿ, ಬೆಳ್ಳುಳ್ಳಿ. ಎಲ್ಲಕ್ಕಿಂತ ಮೊದಲು ಬಿಸಿನೀರು. “ಬಾಣಂತಿ ಮೈಗೆ ಒಂದು ತೊಟ್ಟು ತಣ್ಣೀರು ಬೀಳಂಗಿಲ್ಲ” ಎಂದು ಅವಳು ಅಮ್ಮನಿಗೆ ಹೇಳುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಗೀಸರ್ ಕೆಟ್ಟಿತು.

ಕೆಟ್ಟಿತು ಎನ್ನುವುದಕ್ಕಿಂತ, ಅದು ಬಹಳ ದಿನದಿಂದ ಹೇಳುತ್ತಿದ್ದದ್ದು ನಮಗೆ ಕೇಳಿಸಿರಲಿಲ್ಲ ಎನ್ನಬೇಕು. ದಸರೆಯಿಂದಲೇ ಒಳಗೆ ಜೋಳ ಹುರಿದಂತೆ ಟಪಟಪ ಸದ್ದು. ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು. ನಲ್ಲಿಯಲ್ಲಿ ದಾರದಂಥ ಧಾರೆ. ಹಿಂದಿನ ದಿನ ಅಜ್ಜಿ ನಲ್ಲಿ ಮುಟ್ಟಿ “ಜುಮ್ ಅಂತು ಕಣೇ, ದೆವ್ವ ಹೊಕ್ಕೈತೆ ಇದಕ್ಕೆ” ಎಂದು ಕೈ ಒದರಿಕೊಂಡಿದ್ದಳು. ಆಗ ನಾವೆಲ್ಲ ನಕ್ಕಿದ್ದೆವು. ಈಗ ಅಮ್ಮ ಸ್ವಿಚ್ ಹಾಕಿದ ತಕ್ಷಣ ಮೀಟರ್ ಬೋರ್ಡಿನಲ್ಲಿ ಟಪ್ ಎಂದು ಸದ್ದಾಗಿ ಇಡೀ ಮನೆಯ ಕರೆಂಟು ಹೋಯಿತು. ಬೋರ್ಡಿನ ಟ್ರಿಪ್ ಸ್ವಿಚ್ ಕೆಳಕ್ಕೆ ಬಿದ್ದಿತ್ತು. ಅದನ್ನು ಮೇಲೆತ್ತಿದರೆ ಲೈಟು ಬರುತ್ತದೆ, ಗೀಸರ್ ಹಾಕಿದರೆ ಮತ್ತೆ ಟಪ್.

ಅಮ್ಮ ಮಹಡಿ ಹತ್ತಿ ತಾಯಲೂರಿನ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು. ಅವನ ಹೆಂಡತಿ ಎತ್ತಿ, “ಮಾಲೆ ಹಾಕವ್ರಲ್ಲಕ್ಕಾ, ಶಬರಿಮಲೆಗೆ ಹೋಗವ್ರೆ. ಬರೋದು ಮುಂದಿನ ವಾರಾನೇ” ಎಂದಳು. ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡಿದರೆ ಅದೂ ಹಗುರ. ಅಜ್ಜಿ ಹಿತ್ತಲಿಗೆ ಹೋಗಿ ಮೂರು ಕಲ್ಲು ಜೋಡಿಸಿ ಹಸಿ ಸೌದೆಗೆ ಸೀಮೆಎಣ್ಣೆ ಸುರಿದು ಊದಿ ಊದಿ, ಕಣ್ಣು ಕೆಂಪಗೆ ಮಾಡಿಕೊಂಡು ಒಳಗೆ ಬಂದಳು. ಹೊಗೆ ಬಂತು, ಉರಿ ಬರಲಿಲ್ಲ.

“ನನ್ ಮಗಳು ಚಳೀಲಿ ಬಂದು ಇಲ್ಲಿ ನಡುಗ್ಬೇಕಾ?” ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಯ ನೀರೋ ಬೇರೆಯದೋ ನನಗೆ ತಿಳಿಯಲಿಲ್ಲ. ಅಜ್ಜಿ ಹಾಗೆ ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಗೀಸರನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, “ಶಾಲೂ, ಅಪ್ಪನ ಸ್ಪ್ಯಾನರ್ ಡಬ್ಬ ತಗಂಬಾ” ಎಂದಳು.

ನನಗೆ ಮೈ ಜುಮ್ಮೆಂದಿತು, ಅಜ್ಜಿಗೆ ನಲ್ಲಿಯಿಂದ ಆದದ್ದಕ್ಕಿಂತ ಜೋರಾಗಿ.

ಅಮ್ಮನ ತವರು ಲಕ್ಕೂರಿನ ಹತ್ತಿರ. ಅವಳ ಅಪ್ಪ ಮಾಲೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ತಾತ ಹೋದ ಮೇಲೆ ಅದನ್ನು ಅಮ್ಮನ ಅಣ್ಣ ನಾಗಣ್ಣ ಮಾವ ನಡೆಸುತ್ತಿದ್ದ. ಸ್ಕೂಲು ಬಿಟ್ಟ ಮೇಲೆ ಅಮ್ಮ ಆ ಅಂಗಡಿಯಲ್ಲಿ ಕೂತು ನೋಡುತ್ತಾ ಬೆಳೆದವಳು. ಆದರೆ ಗೀಸರ್ ಅವಳು ಬಿಚ್ಚಿದವಳಲ್ಲ. ನಮ್ಮ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಸ್ಪ್ಯಾನರ್ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಗಿರಿಜಾ, ಬೇಡಮ್ಮ. ಕರೆಂಟಿನ ಜೊತೆ ಆಟ ಅಲ್ಲ. ನಿಂಗೇನಾದ್ರೂ ಆದ್ರೆ ನನ್ ಮಗ ನನ್ನ ಏನಂತಾನೆ?” ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

“ಮೇನ್ ಇಳಿಸ್ತೀನಿ ಅತ್ತೆ. ಮನೇಲಿ ಕರೆಂಟೇ ಇಲ್ದಿದ್ರೆ ಎಲ್ಲಿಂದ ಹೊಡೀತದೆ? ನಾಗಣ್ಣಂಗೆ ಫೋನ್ ಮಾಡಿ ಕೇಳ್ಕೊಂಡೇ ಮಾಡ್ತೀನಿ.”

ಇಲ್ಲೊಂದು ತೊಡಕಿತ್ತು. ನಮ್ಮ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮಹಡಿ ಮೇಲೆ, ಅದೂ ನೀರಿನ ಟ್ಯಾಂಕಿನ ಪಕ್ಕದ ಮೂಲೆಯಲ್ಲಿ ಮಾತ್ರ. ಅಮ್ಮ ಬಚ್ಚಲಿನಲ್ಲಿ ಸ್ಟೂಲಿನ ಮೇಲೆ, ಮಾವ ಮಾಲೂರಿನಲ್ಲಿ. ನಡುವೆ ಯಾರಾದರೂ ಮಳೆಯಲ್ಲಿ ಮಹಡಿ ಮೇಲೆ ನಿಲ್ಲಬೇಕು. ಅಜ್ಜಿ ಒಂದು ಕ್ಷಣ ಅಮ್ಮನ ಮುಖ ನೋಡಿದಳು. ಬೀಗರ ಕಡೆಯ ಗಂಡಸರ ಜೊತೆ ಸೆರಗು ಸರಿಮಾಡಿಕೊಳ್ಳದೆ ಮಾತಾಡಿದವಳಲ್ಲ ಅವಳು. ಗೂಟಕ್ಕೆ ನೇತುಹಾಕಿದ್ದ ಅಪ್ಪನ ಕಪ್ಪು ಕೊಡೆಯನ್ನು ಎಳೆದುಕೊಂಡು, “ಫೋನು ಕೊಡಿಲ್ಲಿ” ಎಂದು ಮೆಟ್ಟಿಲು ಹತ್ತಿದಳು.

ಹೀಗೆ ಶುರುವಾಯಿತು ನಮ್ಮ ದಂಡಯಾತ್ರೆ. ಮಾವ ಅಜ್ಜಿಗೆ ಹೇಳಬೇಕು, ಅಜ್ಜಿ ಕೊಡೆಯ ಕೆಳಗಿನಿಂದ ನನಗೆ ಕೂಗಬೇಕು, ನಾನು ಮೆಟ್ಟಿಲಿಳಿದು ಓಡಿ ಅಮ್ಮನಿಗೆ ಮುಟ್ಟಿಸಬೇಕು.

“ಕೆಳಗಡೆ ಮುಚ್ಚಳ ಬಿಚ್ಬೇಕಂತೆ!” ಎಂದು ಅಜ್ಜಿ.

“ಬಿಚ್ಚಿ ಆಯ್ತು!” ಎಂದು ಅಮ್ಮ. ನಾನು ಮೇಲೆ ಓಡಿದೆ.

“ಒಳಗೆ ಒಂದು ಗುಂಡಿ ಐತಂತೆ, ಒತ್ತಬೇಕಂತೆ. ನೀರು ಜಾಸ್ತಿ ಕಾದ್ರೆ ಅದು ತಾನೇ ಕರೆಂಟ್ ನಿಲ್ಸಿಬಿಡ್ತದಂತೆ!”

ಅಮ್ಮ ಒತ್ತಿದಳು. ನಾನು ಮೇನ್ ಮೇಲೆತ್ತಿದೆ. ಅಮ್ಮ ಬಚ್ಚಲಿನಿಂದ ಆಚೆ ಬಂದು, ಒಣಗಿದ ಕಾಲಿಗೆ ಚಪ್ಪಲಿ ಹಾಕಿಕೊಂಡು ಗೀಸರಿನ ಸ್ವಿಚ್ ಒತ್ತಿದಳು. ಟಪ್! ಮತ್ತೆ ಕತ್ತಲೆ. ಅದಲ್ಲ.

“ಹಂಗಾದ್ರೆ ನೀರು ಕಾಯಿಸೋ ಕಾಯಿಲ್ ನೋಡ್ಬೇಕಂತೆ!” ಅಜ್ಜಿಯ ದನಿ ಈಗ ಇಡೀ ಬೀದಿಗೆ ಕೇಳುತ್ತಿತ್ತು. “ಮೇನ್ ಇಳಿಸಿ, ಕಾಯಿಲ್‌ಗೆ ಹೋಗೋ ಎರಡು ವೈರು ಬಿಡಿಸಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಮೇನ್ ಹಾಕಂತೆ. ಆಗ ಟ್ರಿಪ್ ಆಗ್ಲಿಲ್ಲ ಅಂದ್ರೆ ಕಳ್ಳ ಕಾಯಿಲ್ಲೇನೇ ಅಂತೆ!”

ಕಳ್ಳ ಎನ್ನುವ ಮಾತು ಮಾವನದೋ ಅಜ್ಜಿಯದೋ ಗೊತ್ತಿಲ್ಲ. ಆದರೆ ನನಗೆ ಮಾತ್ರ ಆಗ ನಾವು ನಿಜವಾಗಿಯೂ ಕಳ್ಳನನ್ನು ಹಿಡಿಯಲು ಹೊರಟವರೇ. ಅಮ್ಮ ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ವೈರು ಬಿಡಿಸಿ ಟೇಪ್ ಸುತ್ತಿದಳು. ನಾನು ಮೀಟರ್ ಬೋರ್ಡಿನ ಕೆಳಗೆ ಕುರ್ಚಿಯ ಮೇಲೆ ಉಸಿರು ಬಿಗಿಹಿಡಿದು ನಿಂತೆ.

“ಹಾಕು!”

ಮೇನ್ ಎತ್ತಿದೆ. ಅಮ್ಮ ಗೀಸರಿನ ಸ್ವಿಚ್ ಒತ್ತಿದಳು. ಬಲ್ಬು ಉರಿಯುತ್ತಲೇ ಇತ್ತು. ಗೀಸರಿನ ಕೆಂಪು ದೀಪವೂ ಹತ್ತಿಕೊಂಡಿತು.

“ಸಿಕ್ಬಿಟ್ಟ!” ಎಂದು ನಾನು ಕುರ್ಚಿಯಿಂದ ಹಾರಿ ಮೆಟ್ಟಿಲು ಹತ್ತಿದೆ. “ಅಜ್ಜೀ, ಕಾಯಿಲ್ಲೇ ಕಳ್ಳ!” ಅಜ್ಜಿ ಫೋನಿಗೆ ಬಾಯಿ ಹಚ್ಚಿ, “ನಾಗಣ್ಣಾ, ದೊಂಗ ದೊರಿಕಿನಾಡಪ್ಪಾ!” ಎಂದು ತೆಲುಗಿನಲ್ಲೇ ಕೂಗಿದಳು. ಕಳ್ಳ ಸಿಕ್ಕಿದ ಸುದ್ದಿ ಮಾಲೂರಿಗೆ ಹಾಗೆ ಮುಟ್ಟಿತು.

ಮತ್ತೆ ಮೇನ್ ಇಳಿಸಿ, ಟ್ಯಾಂಕಿನ ವಾಲ್ವ್ ಮುಚ್ಚಿ, ಗೀಸರಿನ ನೀರನ್ನೆಲ್ಲ ಬಸಿದೆವು. ಮೊದಲು ತೆಳ್ಳಗೆ ಬಂದದ್ದು ಆಮೇಲೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಅಮ್ಮ ಕೆಳಗಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಕಾಯಿಲನ್ನು ಅಲ್ಲಾಡಿಸಿ ಎಳೆದಳು. ಅದು ಬರಲೊಲ್ಲದು. ಸ್ಟೂಲಿನ ಮೇಲೆ ನಿಂತು ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಾಗ ಕರಕರ ಸದ್ದಿನೊಂದಿಗೆ ಹೊರಬಂತು. ಅದರ ಜೊತೆಗೇ ಅಮ್ಮನ ತಲೆ, ಮುಖ, ಸೀರೆಯ ಮೇಲೆಲ್ಲ ಬಿಳಿ ಹರಳು ಸುರಿದವು.

ಆ ಕಾಯಿಲನ್ನು ನೀವು ನೋಡಬೇಕಿತ್ತು. ಅದು ಹೊಳೆಯುವ ಕಂಬಿಯಂತೆ, ಬಳೆಯಂತೆ ಇರುತ್ತದೆಂದು ನಾನು ಅಂದುಕೊಂಡಿದ್ದೆ. ಬಂದದ್ದು ಹುತ್ತದ ತುಂಡು. ಸುಣ್ಣ ಪದರದ ಮೇಲೆ ಪದರ ಕಟ್ಟಿ ತೋಳಿನಷ್ಟು ದಪ್ಪವಾಗಿತ್ತು. ಒಂದು ಕಡೆ ಸುಣ್ಣ ಉದುರಿದ ಜಾಗದಲ್ಲಿ ಕಂಬಿ ಸೀಳಿಕೊಂಡು ಕಪ್ಪಗೆ ಬಾಯಿ ಬಿಟ್ಟಿತ್ತು. ಅಜ್ಜಿಗೆ ಜುಮ್ ಎನಿಸಿದ ದೆವ್ವದ ಮನೆ ಅದೇ.

“ಇಷ್ಟು ದಿನ ಇದು ನೀರು ಕಾಯಿಸ್ತಿರ್ಲಿಲ್ಲ ಅತ್ತೆ, ಮೊದ್ಲು ಸುಣ್ಣ ಕಾಯಿಸಿ ಆಮೇಲೆ ನೀರು ಕಾಯಿಸ್ತಿತ್ತು” ಎಂದಳು ಅಮ್ಮ. ಅವಳ ಹುಬ್ಬೆಲ್ಲ ಬಿಳಿ. ಅಜ್ಜಿ ಅವಳನ್ನು ನೋಡಿ ನಗಲು ಶುರುಮಾಡಿದಳು. ನಕ್ಕೂ ನಕ್ಕೂ ಬಚ್ಚಲಿನ ಹೊಸ್ತಿಲ ಮೇಲೇ ಕೂತುಬಿಟ್ಟಳು.

ಗೀಸರಿನ ತಳದಲ್ಲಿ ಇನ್ನೂ ಸುಣ್ಣ ತುಂಬಿತ್ತು. ಕಾಯಿಲ್ ತೆಗೆದ ತೂತಿನೊಳಕ್ಕೆ ಅಮ್ಮನ ಕೈ ಹೋಗಲಿಲ್ಲ. ನನ್ನದು ಹೋಯಿತು. ಮೊಣಕೈವರೆಗೂ ಕೈ ತೂರಿಸಿ, ಕಾಣದ ಕತ್ತಲಲ್ಲಿ ಬೆರಳಾಡಿಸಿ, ಹಿಡಿ ಹಿಡಿಯಾಗಿ ಹೊರಗೆ ಹಾಕಿದೆ. ತಣ್ಣಗೆ, ಒದ್ದೆಯಾಗಿ, ಮುರಿದ ಮೊಟ್ಟೆಯ ಚಿಪ್ಪಿನ ಹಾಗೆ ಕೈಗೆ ಸಿಗುತ್ತಿತ್ತು. ಹಳೇ ಗೋಡೆಗೆ ನೀರು ಬಿದ್ದಾಗ ಬರುವ ವಾಸನೆ. ಬಕೆಟ್ಟಿನ ತಳ ಮುಚ್ಚಿದಾಗ ಲಂಕೆ ಗೆದ್ದವಳ ಹಾಗೆ ಬೀಗಿದೆ. ನೀರು ಒಳಬರುವ ಪೈಪಿನ ಬಾಯಲ್ಲಿದ್ದ ಪುಟ್ಟ ವಾಲ್ವೂ ಸುಣ್ಣದಿಂದ ಕಟ್ಟಿಹೋಗಿತ್ತು. ಧಾರೆ ದಾರದಂತಾಗಿದ್ದು ಅದಕ್ಕೇ. ಅಮ್ಮ ಅದನ್ನು ಬಿಚ್ಚಿ ಮೊಳೆಯಿಂದ ಕೆರೆಯಲು ಹೊರಟಾಗ ಅಜ್ಜಿ ಕಿತ್ತುಕೊಂಡಳು.

“ಕೆರೆದ್ರೆ ಹಾಳಾಗ್ತದೆ. ನಾನು ಬಿಂದಿಗೆ ಹೆಂಗೆ ತೊಳೀತೀನಿ? ಹಂಗೇ.” ಹುಣಿಸೆಹಣ್ಣು ಕಿವುಚಿ, ಅದಕ್ಕೆ ನಿಂಬೆಹಣ್ಣು ಹಿಂಡಿ, ಆ ರಸದಲ್ಲಿ ವಾಲ್ವನ್ನು ಮುಳುಗಿಸಿಟ್ಟಳು. ಸುಣ್ಣದಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುವುದನ್ನು ನಾವು ಮೂವರೂ ಬಗ್ಗಿ ನೋಡಿದೆವು. ಬೆಳಗಾಗುವಷ್ಟರಲ್ಲಿ ಅದು ಹೊಸ ಹಿತ್ತಾಳೆಯ ಹಾಗೆ ಥಳಥಳ ಹೊಳೆಯುತ್ತಿತ್ತು.

ಆದರೆ ಕಾಯಿಲ್ ಹೊಸದೇ ಬೇಕು. ಬೆಳಿಗ್ಗೆ ಮೊದಲ ಬಸ್ಸಿಗೆ ಅಮ್ಮನೂ ನಾನೂ ಮುಳಬಾಗಿಲಿಗೆ ಹೊರಟೆವು. ಮಧ್ಯಾಹ್ನಕ್ಕೆ ಸುಧತ್ತೆ ಬರುತ್ತಾಳೆ. ಅಮ್ಮ ಹಳೆಯ ಕಾಯಿಲನ್ನು ಮಳೆ ತಾಗದ ಹಾಗೆ ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಪಕ್ಕದ ಸೀಟಿನ ಅಜ್ಜಿಯೊಬ್ಬಳು ಬಗ್ಗಿ ನೋಡಿ, “ಎಷ್ಟು ತಿಂಗಳ ಕೂಸಮ್ಮ? ಈ ಚಳೀಲಿ ಈಚೆ ತಂದಿದ್ದೀಯಲ್ಲ” ಎಂದಳು.

“ಕೂಸಲ್ಲ ಅಜ್ಜಿ, ಗೀಸರ್ ಕಾಯಿಲ್” ಎಂದೆ ನಾನು. ಕಂಡಕ್ಟರ್ ಕೂಡ ತಿರುಗಿ ನೋಡಿದ.

ಬಸ್‌ಸ್ಟ್ಯಾಂಡಿನ ಹತ್ತಿರದ ಮೊದಲ ಅಂಗಡಿಯವನು ಟವೆಲ್ ಬಿಚ್ಚುವ ಮೊದಲೇ, “ಯಜಮಾನ್ರನ್ನ ಕಳ್ಸಿ ಅಮ್ಮ, ಅವ್ರಿಗಾದ್ರೆ ಹೇಳ್ತೀನಿ” ಎಂದ. ಅಮ್ಮ ನಗುತ್ತಲೇ, “ಯಜಮಾನ್ರಿಗೆ ಹಾಲಿನ ವಿಚಾರ ಗೊತ್ತು. ಇದು ನಂಗೇ ಗೊತ್ತು. ಇದೇ ಅಳತೆ ಐತಾ ಇಲ್ವಾ ಹೇಳಿ” ಎಂದಳು. ಅಲ್ಲಿರಲಿಲ್ಲ. ಎರಡನೆಯ ಅಂಗಡಿಯಲ್ಲಿ ಇದ್ದದ್ದರ ಉದ್ದ ಹೊಂದುತ್ತಿತ್ತು, ಬೋಲ್ಟಿನ ತೂತು ಹೊಂದುತ್ತಿರಲಿಲ್ಲ. ಮಸೀದಿಯ ಬೀದಿಯ ಅಂಗಡಿಯ ಸಾಬರು ಮಾತ್ರ ಹಳೆಯದನ್ನು ತಿರುಗಿಸಿ ತಿರುಗಿಸಿ ನೋಡಿ, “ಅರೆ, ನಿಮ್ಮೂರಿನ ನೀರು ಕುಡಿದು ಇದು ಕಲ್ಲಾಗ್ಬಿಟ್ಟಿದೆಯಲ್ಲಮ್ಮ!” ಎಂದು ಅಟ್ಟದ ಮೇಲಿನಿಂದ ಒಂದು ಡಬ್ಬ ಇಳಿಸಿದರು. ಅಮ್ಮ ಹಳೆಯದರ ಮೇಲೆ ಹೊಸದನ್ನು ಇಟ್ಟಳು. ತೂತಿಗೆ ತೂತು ಕೂತಿತು. ನಾವಿಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

“ವಾಷರ್ ಹೊಸದೇ ಹಾಕಿ. ಮತ್ತೆ ನೋಡಮ್ಮ, ನೀರು ತುಂಬಿಸ್ದೆ ಸ್ವಿಚ್ ಮುಟ್ಬೇಡಿ. ಒಣಗಿರೋವಾಗ ಹಾಕಿದ್ರೆ ಇದೂ ಸುಟ್ಟೋಗ್ತದೆ” ಎಂದರು ಸಾಬರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಾನು ‘ಮೊದಲು ನೀರು, ಆಮೇಲೆ ಸ್ವಿಚ್ಚು’ ಎಂದು ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಿದ್ದೆ.

ಮನೆಗೆ ಬಂದಾಗ ಅಜ್ಜಿ ಹಿತಕಿದ ಬೇಳೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಊಟಕ್ಕೆ ಯಾರಿಗೆ ಪುರಸೊತ್ತು? ಅಮ್ಮ ಪುಟ್ಟ ವಾಲ್ವನ್ನು ಪೈಪಿನ ಬಾಯಿಗೆ ಹಾಕಿ, ಕಾಯಿಲ್ ಕೂರಿಸಿ ಬೋಲ್ಟುಗಳನ್ನು ಬಿಗಿದಳು. ಟ್ಯಾಂಕಿನ ವಾಲ್ವ್ ತಿರುಗಿಸಿದಾಗ ಗೀಸರಿನೊಳಗೆ ನೀರು ತುಂಬುವ ಗುಳುಗುಳು ಸದ್ದು. ನಾವು ಮೂವರೂ ಕೆಳಗಿನಿಂದ ಕತ್ತೆತ್ತಿ ನೋಡುತ್ತಿದ್ದಂತೆ ವಾಷರಿನ ಅಂಚಿನಿಂದ ಒಂದು ಹನಿ ಇಣುಕಿ ಅಜ್ಜಿಯ ಹಣೆಯ ಮೇಲೆ ಬಿತ್ತು.

“ಸೋರ್ತದಲ್ಲೇ!”

ಅಮ್ಮ ಮತ್ತೆ ಸ್ಟೂಲು ಹತ್ತಿದಳು. ಒಂದೇ ಪಕ್ಕದಿಂದ ಬಿಗಿದುಕೊಂಡು ಹೋಗಿದ್ದಕ್ಕೆ ಇನ್ನೊಂದು ಪಕ್ಕ ಎದ್ದುಕೊಂಡಿದೆ ಎಂದು ಅವಳಿಗೇ ಹೊಳೆಯಿತು. ಎಲ್ಲ ಸಡಿಲಿಸಿ, ಈ ಕಡೆ ಒಂದು ಸುತ್ತು, ಎದುರು ಕಡೆ ಒಂದು ಸುತ್ತು, ಹೀಗೆ ಬಿಗಿಯುತ್ತಾ ಬಂದಳು. ಹನಿ ದಪ್ಪವಾಯಿತು, ನಡುಗಿತು, ನಿಂತಿತು. ಅಮ್ಮ ಬಟ್ಟೆಯಿಂದ ಒರೆಸಿದಳು. ಮತ್ತೆ ಬರಲಿಲ್ಲ. ನಲ್ಲಿ ತಿರುಗಿಸಿದರೆ ಬೆರಳು ಗಾತ್ರದ ಧಾರೆ! ಅಜ್ಜಿಯ ಹುಣಿಸೆರಸದ ಕೆಲಸ ಅದು. ತಣ್ಣಗಿತ್ತು, ಆದರೆ ಎಂಥ ಧಾರೆ!

ವೈರು ಜೋಡಿಸಿ, ಮುಚ್ಚಳ ಹಾಕಿ, ಕೈ ಒರೆಸಿಕೊಂಡು ಅಮ್ಮ ಆಚೆ ಬರುವುದಕ್ಕೂ ಬೀದಿಯಲ್ಲಿ ಕಾರಿನ ಹಾರನ್ ಕೇಳುವುದಕ್ಕೂ ಸರಿಹೋಯಿತು.

“ಬಂದ್ರು!” ಎಂದು ಅಜ್ಜಿ ಆರತಿ ತಟ್ಟೆಗೆ ಓಡಿದಳು. ಅಮ್ಮ ನನ್ನ ಕಡೆ ನೋಡಿ, “ಮೇನ್ ಹಾಕೇ” ಎಂದಳು. ಹಾಕಿದೆ. ಅಮ್ಮ ಗೀಸರಿನ ಸ್ವಿಚ್ ಒತ್ತಿದಳು. ಕೆಂಪು ದೀಪ ಹತ್ತಿತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಅಷ್ಟರಲ್ಲಿ ಕೆಂಪು ದೀಪವೂ ಬಲ್ಬೂ ಒಟ್ಟಿಗೆ ಆರಿದವು.

ಅಮ್ಮನ ಮುಖ ನನಗೆ ಈಗಲೂ ಕಣ್ಣ ಮುಂದಿದೆ. ಎರಡು ದಿನದ ಉತ್ಸಾಹವೆಲ್ಲ ಅದರಿಂದ ಬಸಿದುಹೋಗಿತ್ತು. ಬಾಗಿಲಲ್ಲಿ ಸುಧತ್ತೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಬಿಳಿಚಿಕೊಂಡ ಮುಖದಲ್ಲಿ ನಗುತ್ತಾ ನಿಂತಿದ್ದಾಳೆ. ಅಪ್ಪನ ಕೈಯಲ್ಲಿ ಬಟ್ಟೆಯ ಗಂಟಿನಂಥ ಮಗು. ಅವರಿಗೆ ನಮ್ಮ ಕಥೆ ಒಂದೂ ಗೊತ್ತಿಲ್ಲ. ಅಜ್ಜಿ ಆರತಿ ಎತ್ತುತ್ತಲೇ ಕಣ್ಣಲ್ಲಿ ಅಮ್ಮನನ್ನು ‘ಏನಾಯ್ತು?’ ಎಂದು ಕೇಳುತ್ತಿದ್ದಾಳೆ.

ನಾನು ಟ್ರಿಪ್ ಸ್ವಿಚ್ ನೋಡಿದೆ. ಅದು ಕೆಳಕ್ಕೆ ಬಿದ್ದಿರಲಿಲ್ಲ! ಮೇಲೇ ಇತ್ತು! ಕುರ್ಚಿಯಿಂದ ಧುಮುಕಿ, ಅಪ್ಪನನ್ನು ಸರಿಸಿ, ಮಳೆಯಲ್ಲೇ ಬೀದಿಗೆ ಓಡಿ ಎದುರು ಮನೆಯ ಕಿಟಕಿಗೆ ಕೂಗಿದೆ.

“ವೆಂಕಟಮ್ಮತ್ತೇ! ನಿಮ್ಮನೇಲಿ ಕರೆಂಟ್ ಐತಾ?”

“ಇಲ್ಲ ಕಣಮ್ಮ. ಊರಿಗೆಲ್ಲಾ ಹೋಗೈತೆ. ಮಳೆ ಅಲ್ವಾ.”

“ಊರಿಗೆಲ್ಲಾ ಹೋಗೈತೆ! ಅಮ್ಮಾ, ಊರಿಗೇ ಹೋಗೈತೆ!” ಕರೆಂಟು ಹೋದದ್ದಕ್ಕೆ ಬೀದಿಯಲ್ಲಿ ಕೆಸರು ಹಾರಿಸಿಕೊಂಡು ಕುಣಿದವಳು ಆ ಊರಿನಲ್ಲಿ ನಾನೊಬ್ಬಳೇ ಇರಬೇಕು. “ಇವ್ಳಿಗೇನಾಗೈತೆ?” ಎಂದು ಅಪ್ಪ ಅಮ್ಮನನ್ನು ಕೇಳಿದರು. ಅಮ್ಮ ಬಾಗಿಲಿಗೆ ಒರಗಿ ನಗುತ್ತಿದ್ದಳು. ಕಣ್ಣಲ್ಲಿ ನೀರು.

ಕರೆಂಟು ಬರುವವರೆಗೆ ಸುಧತ್ತೆ ಹಾಸಿಗೆಯಲ್ಲಿ ಕಂಬಳಿ ಹೊದ್ದು ಕೂತು ನಮ್ಮ ಕಥೆ ಕೇಳಿದಳು. ಅಜ್ಜಿ ಹೇಳಿದ್ದೇ ಹೇಳಿದ್ದು. ಅವಳ ಕಥೆಯಲ್ಲಿ ಕಾಯಿಲ್ ತೋಳಿನ ಗಾತ್ರದಿಂದ ತೊಡೆಯ ಗಾತ್ರಕ್ಕೆ ಬೆಳೆದಿತ್ತು. “ನಮ್ ಗಿರಿಜಾ ಅದನ್ನ ಹಲ್ಲು ಕಿತ್ತಂಗೆ ಕಿತ್ತಳು” ಎಂದಳು. ‘ನಮ್ ಗಿರಿಜಾ’ ಎಂದದ್ದು ಅಮ್ಮನಿಗೂ ಕೇಳಿಸಿತು. ಅವಳು ಮಗುವಿನ ಬಟ್ಟೆ ಮಡಿಸುತ್ತಾ ತಲೆಯೆತ್ತಲಿಲ್ಲ.

ಮಳೆ ಸ್ವಲ್ಪ ನಿಂತಾಗ ಬಲ್ಬು ಮಿಣ್ಣಗೆ ಹತ್ತಿ ಪೂರ್ತಿ ಬೆಳಗಿತು. ಎಲ್ಲರೂ ಎದ್ದರು. ಗೀಸರಿನ ಕೆಂಪು ದೀಪ. ಟಪಟಪ ಸದ್ದಿಲ್ಲ, ಸಣ್ಣಗೆ ಹಾಡುವಂಥ ಸುಯ್ ಎನ್ನುವ ಸದ್ದು ಮಾತ್ರ. ಅಪ್ಪ, ಅಮ್ಮ, ನಾನು ಬಚ್ಚಲಿನ ಬಾಗಿಲಲ್ಲಿ ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದೆವು. ಕೆಂಪು ದೀಪ ತಾನಾಗಿಯೇ ಆರಿತು. ಕಾದಿದೆ ಎಂದರ್ಥ. ಅಮ್ಮ ನಲ್ಲಿಯ ಮೇಲೆ ಟೆಸ್ಟರ್ ಇಟ್ಟು ನೋಡಿ, ಸ್ವಿಚ್ ಆರಿಸಿದ ಮೇಲೆ, “ಅತ್ತೆ, ನೀವೇ ತಿರುಗ್ಸಿ” ಎಂದಳು.

ಅಜ್ಜಿ ತಿರುಗಿಸಿದಳು. ಹಬೆ ಎದ್ದಿತು. ಅವಳು ಬೆರಳು ಒಡ್ಡಿ, ಕೈ ಹಿಂದಕ್ಕೆಳೆದುಕೊಂಡು, “ವೇನ್ನೀಳ್ಳು! ಸುಧಾ, ವೇನ್ನೀಳ್ಳು ವಚ್ಚಿನಾಯೇ!” ಎಂದು, ಬಿಸಿನೀರು ಬಂದ ಖುಷಿಗೆ ತೆಲುಗಿನಲ್ಲಿ ಕೂಗಿದ ಕೂಗಿಗೆ ಮಗು ಎಚ್ಚರವಾಗಿ ಅಳತೊಡಗಿತು.

ಆ ಸಂಜೆ ಬೇವಿನ ಸೊಪ್ಪು ಹಾಕಿದ ಹಬೆಯಾಡುವ ನೀರನ್ನು ಅಜ್ಜಿ ಸುಧತ್ತೆಯ ಬೆನ್ನಿಗೆ ಚೊಂಬು ಚೊಂಬಾಗಿ ಎರೆದಳು. ಆಮೇಲೆ ಕಾಲು ನೀಡಿ ಕೂತು, ಹದ ಮಾಡಿದ ನೀರಿನಲ್ಲಿ ಮಗುವನ್ನು ಮೀಯಿಸಿದಳು. ಅಂಗೈಯಗಲದ ಆ ಕೆಂಪು ಬೆನ್ನಿಗೆ ನೀರು ತಾಗಿದಾಗ ಮಗು ಅಳು ನಿಲ್ಲಿಸಿತು. ಮನೆ ತುಂಬ ಸಾಂಬ್ರಾಣಿ ಹೊಗೆ, ಹರಳೆಣ್ಣೆ, ಅವರೆಯ ಸೊಗಡು. ತಟ್ಟೆಯಲ್ಲಿ ಮುದ್ದೆ ಮುರಿಯುತ್ತಾ ಅಮ್ಮ ತೂಕಡಿಸುತ್ತಿದ್ದಳು. ಅಜ್ಜಿ ಅವಳ ಸಾರಿಗೆ ತಾನೇ ತುಪ್ಪ ಬಡಿಸಿದಳು.

ಅಂದು ಮಿಂದ ಆ ಮಗು ಈಗ ನನಗಿಂತ ಎತ್ತರ. ಅಜ್ಜಿ ಹೋಗಿ ವರ್ಷಗಳಾದವು. ನಾನು ಕೋಲಾರದಲ್ಲಿ ಮನೆ ಮಾಡಿದ್ದೇನೆ, ಇಲ್ಲಿಯ ನೀರೂ ಗಡಸು. ಕಳೆದ ತಿಂಗಳು ನಮ್ಮ ಗೀಸರ್ ಕೆಟ್ಟಿತು. ರಿಪೇರಿಯವರಿಗಾಗಿ ಮೊಬೈಲಿನ ಆ್ಯಪ್ ಒತ್ತಿದೆ. ಮರುದಿನ ಬೆಳಿಗ್ಗೆ ಹುಡುಗನೊಬ್ಬ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಬಚ್ಚಲಿನ ಬಾಗಿಲು ಹಾಕಿಕೊಂಡ, ಕೆಲಸ ಮುಗಿಸಿದ, ಕಾಫಿ ಬೇಡವೆಂದ, ಇನ್ನೊಂದು ಮನೆಗೆ ಹೋದ. ಒಳ್ಳೆಯ ಕೆಲಸಗಾರ, ದೂರಲು ಏನೂ ಇಲ್ಲ. ಗಂಡ ಫೋನಿನಲ್ಲಿ ಮಾತಾಡುತ್ತಿದ್ದರು, ಮಗಳು ರೂಮಿನಲ್ಲಿದ್ದಳು, ನಾನು ಆಫೀಸಿಗೆ ಹೊರಡುವ ಅವಸರದಲ್ಲಿದ್ದೆ. ಮನೆಯಲ್ಲಿ ಒಂದು ವಸ್ತು ಕೆಟ್ಟು ಸರಿಯಾದದ್ದು ನಮ್ಮಲ್ಲಿ ಯಾರಿಗೂ ತಾಗಲೇ ಇಲ್ಲ. ಒಂದು ತೊಂದರೆಯ ಸುತ್ತ ಎಲ್ಲರೂ ಕತ್ತೆತ್ತಿ ನಿಲ್ಲುವುದು ಎಂದೋ ನಿಂತುಹೋಗಿದೆ.

ಸಂಜೆ ಊರಿಗೆ ಫೋನು ಮಾಡಿದಾಗ ಮಾತಿಗೆ ಮಾತು ಬಂದು ಇದನ್ನೂ ಹೇಳಿದೆ. ಅಮ್ಮನ ದನಿ ಒಮ್ಮೆಲೇ ಚುರುಕಾಯಿತು.

“ಹೌದಾ? ಬಿಚ್ಚಿದ್ರಾ? ಒಳಗೆ ಏನಿತ್ತು?”

“ಗೊತ್ತಿಲ್ಲಮ್ಮ. ನಾನು ನೋಡ್ಲಿಲ್ಲ.”



“ನೋಡ್ಬೇಕಿತ್ತು ಕಣೇ” ಎಂದಳು ಅಮ್ಮ.